ಐಸ್ ಹಾಕಿ ರೆಫರಿ ಕಿಟ್: ಕರಾವಳಿಯವರು ದುಡ್ಡು ಹಾಕಬೇಕಾದ್ದು ಎಲ್ಲಿ, ಉಳಿಸಬೇಕಾದ್ದು ಎಲ್ಲಿ

ಮಂಗಳೂರು, ಉಡುಪಿಯಲ್ಲಿ ಚಕ್ರದ ಮೇಲೆ ಬೆಳೆದ ಸ್ಕೇಟರ್‌ಗಳಿಗೆ ಕಡಿಮೆಯಿಲ್ಲ. ಓಟದ ಪಂದ್ಯಗಳ ವಯಸ್ಸು ಮುಗಿಯುತ್ತಾ ಬಂದರೂ ಕಾಲಿಗೆ ಹತ್ತಿದ ವಿದ್ಯೆಯನ್ನು ಬಿಡಲು ಮನಸ್ಸಿಲ್ಲದವರು ಐಸ್ ಹಾಕಿಯ ರೆಫರಿ ಆಗಬಹುದೇ ಎಂದು ಕೇಳುವುದುಂಟು. ಆಗಬಹುದು. ಸಮುದ್ರದ ದಡದಲ್ಲಿ ಹುಟ್ಟಿದ್ದು ಅದಕ್ಕೆ ಅಡ್ಡಿಯಲ್ಲ. ಅಡ್ಡಿಯಾಗುವುದು ಕಿಟ್ ಮೇಲೆ ತಪ್ಪು ಕ್ರಮದಲ್ಲಿ ದುಡ್ಡು ಸುರಿಯುವುದು. ಪಟ್ಟೆ ಜೆರ್ಸಿ ಮೊದಲು, ಹೆಲ್ಮೆಟ್ ಆಮೇಲೆ, ಸ್ಕೇಟ್‌ಗೆ ಉಳಿದ ಚಿಲ್ಲರೆ ಎಂದಾದರೆ ಕೆಲಸ ಕೆಟ್ಟಿತು.

ಹೊರದೇಶದ ಅಂಗಡಿಗಳು ಬರೆಯುವ ವಿಮರ್ಶೆಗಳಲ್ಲಿ ನಮ್ಮ ಸೆಕೆ, ಉಪ್ಪುಗಾಳಿ, ಮೂರೂವರೆ ಸಾವಿರ ಮಿಲಿಮೀಟರ್ ಮೀರುವ ಮಳೆ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಐದು ವರ್ಷ ಬಾಳುವ ಬೇರಿಂಗ್ ಇಲ್ಲಿ ಒಂದು ಮಳೆಗಾಲಕ್ಕೆ ಜಾಮ್ ಆಗಬಹುದು. ಆದ್ದರಿಂದ ಕಿಟ್‌ನ ಒಂದೊಂದು ವಸ್ತುವನ್ನೂ ಎರಡು ಕಡೆ ಒರೆಗೆ ಹಚ್ಚಿ ನೋಡಬೇಕು: ಇಲ್ಲಿನ ಸಿಮೆಂಟ್ ರಿಂಕ್‌ನಲ್ಲಿ (ಸ್ಕೇಟಿಂಗ್ ಅಂಗಳದಲ್ಲಿ) ಅಭ್ಯಾಸಕ್ಕೆ ಹೇಗೆ, ಲಡಾಖ್‌ನ ಮೈನಸ್ ಚಳಿಯಲ್ಲಿ ಪಂದ್ಯಕ್ಕೆ ಹೇಗೆ.

ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಕಿಟ್‌ಗೆಂದು ಎತ್ತಿಟ್ಟ ಹಣದಲ್ಲಿ ಮುಕ್ಕಾಲು ಪಾಲು ಕಾಲಿಗೆ ಹೋಗಲಿ. ಉಳಿದದ್ದರಲ್ಲಿ ಒಳ್ಳೆಯ ಹೆಲ್ಮೆಟ್ ಮತ್ತು ಎರಡು ಅಸಲಿ ವಿಸಿಲ್. ಬಟ್ಟೆಯನ್ನು ಟೈಲರ್ ಹೊಲಿದುಕೊಡುತ್ತಾರೆ. ರೆಫರಿಯ ಮಿತಿ ಅವರ ಸ್ಕೇಟಿಂಗ್‌ನ ಮಿತಿಯೇ. ಎಷ್ಟೇ ನಿಯಮ ಬಾಯಿಪಾಠ ಇದ್ದರೂ ಪಕ್ (ಚೆಂಡಿನ ಬದಲಿಗೆ ಆಡುವ ರಬ್ಬರ್ ಬಿಲ್ಲೆ) ಇರುವಲ್ಲಿಗೆ ತಲುಪದವರು ಏನನ್ನೂ ನೋಡಲಾರರು, ನೋಡದ್ದಕ್ಕೆ ವಿಸಿಲ್ ಊದಲಾರರು.

ವಿಸಿಲ್

ಬೇರೆ ಕೆಲವು ಆಟಗಳ ರೆಫರಿಗಳ ಹಾಗೆ ಕೊರಳಿಗೆ ದಾರ ಹಾಕಿ ವಿಸಿಲ್ ನೇತುಹಾಕುವ ಪದ್ಧತಿ ಐಸ್ ಹಾಕಿಯಲ್ಲಿ ಇಲ್ಲ. ಇಲ್ಲಿ ವಿಸಿಲ್ ಬೆರಳಿನಲ್ಲಿರುತ್ತದೆ. ಎರಡು ಬೆರಳಿಗೆ ತೊಡಿಸುವ ಲೋಹದ ಹಿಡಿಕೆ, ಅದರ ಮೇಲೆ ವಿಸಿಲ್. ಕಾರಣ ಸರಳ: ಆಟಗಾರರ ಸ್ಟಿಕ್‌ಗಳ ನಡುವೆ, ರಿಂಕ್ ಸುತ್ತಲಿನ ಗೋಡೆಯಾದ ಬೋರ್ಡ್‌ಗೆ ಒತ್ತಿಕೊಂಡು ಓಡುವಾಗ ಕೊರಳಿನ ದಾರ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಬಾಯಲ್ಲಿ ಕಚ್ಚಿಕೊಂಡೇ ಆಡಿಸಿದರೆ ಬಿದ್ದಾಗ ಹಲ್ಲು ಹೋಗುತ್ತದೆ, ಬೆಚ್ಚಿದಾಗ ಬೇಡದ ಕಡೆ ಉಸಿರು ಊದಿಬಿಡುತ್ತದೆ. ಕೈಯಿಂದ ಬಾಯಿಗೆ ತರುವ ಆ ಅರೆಕ್ಷಣ ರೆಫರಿಗೆ ಯೋಚಿಸಲು ಸಿಗುವ ಸಮಯವೂ ಹೌದು.

ಕೊಳ್ಳಬೇಕಾದ್ದು ಫಾಕ್ಸ್ 40 ಕ್ಲಾಸಿಕ್, ಬೆರಳು ಹಿಡಿಕೆಯ ಮಾದರಿ. ಕೆನಡಾದ ಹ್ಯಾಮಿಲ್ಟನ್ ಊರಿನ ಬ್ಯಾಸ್ಕೆಟ್‌ಬಾಲ್ ರೆಫರಿ ರಾನ್ ಫಾಕ್ಸ್‌ಕ್ರಾಫ್ಟ್ 1987ರಲ್ಲಿ ಜಗತ್ತಿಗೆ ಪರಿಚಯಿಸಿದ ಈ ವಿಸಿಲ್‌ನ ಹೊಟ್ಟೆಯಲ್ಲಿ ಗೋಲಿ ಇಲ್ಲ. ಹಳೆಯ ಮಾದರಿಗಳಲ್ಲಿ, ಅಂದರೆ 1884ರಿಂದ ಬಂದ ಆಕ್ಮೆ ಥಂಡರರ್ ಜಾತಿಯವುಗಳಲ್ಲಿ, ಬೆಂಡಿನ ಗೋಲಿ ತಿರುಗಿ ಶಬ್ದ ನಡುಗುತ್ತದೆ. ಅದರ ನಾದ ಇಂಪು, ಒಪ್ಪಿಕೊಳ್ಳುತ್ತೇವೆ. ಆದರೆ ಜೋರಾಗಿ ಊದಿದರೆ ಗೋಲಿ ಬಾಯಿಗೆ ಅಂಟಿ ಶಬ್ದ ಕಟ್ಟಿಹೋಗುತ್ತದೆ, ಎಂಜಲಿನಿಂದ ಬೆಂಡು ಉಬ್ಬುತ್ತದೆ, ಮೈನಸ್ ಚಳಿಯಲ್ಲಿ ಆ ತೇವವೇ ಗಟ್ಟಿಯಾಗಿ ಗೋಲಿ ನಿಂತುಬಿಡುತ್ತದೆ. ನಮ್ಮೂರಿನ ಮಳೆಗಾಲದಲ್ಲಿ ಅದೇ ಬೆಂಡಿಗೆ ಬೂಷ್ಟು ಹಿಡಿಯುತ್ತದೆ. ಫಾಕ್ಸ್ 40ರಲ್ಲಿ ಮೂರು ಗೂಡುಗಳಿವೆ. ಒಂದೊಂದರ ಸ್ವರ ತುಸು ಬೇರೆ ಇರುವುದರಿಂದ ಮೂರೂ ಸೇರಿದಾಗ ಆ ಕೊರೆಯುವ ಕಂಪನ ಹುಟ್ಟುತ್ತದೆ. ಕಂಪನಿ ಹೇಳುವ ಲೆಕ್ಕ 115 ಡೆಸಿಬೆಲ್. ಎಷ್ಟು ಬಲವಾಗಿ ಊದಿದರೂ ಕಟ್ಟುವುದಿಲ್ಲ.

ಅದಕ್ಕೊಂದು ಕೊರತೆಯೂ ಇದೆ. ಮೆಲ್ಲಗೆ ಊದಿದರೆ ಅದು ಸ್ಪಂದಿಸುವುದಿಲ್ಲ. ಹೊಟ್ಟೆಯಿಂದ ಉಸಿರು ಬೇಕು. ಬಾಯಲ್ಲಿಟ್ಟು, ಉಸಿರು ಒತ್ತಿಹಿಡಿದು, ನಾಲಿಗೆಯಿಂದ ರಂಧ್ರ ಮುಚ್ಚಿ, ಒಮ್ಮೆಲೇ ನಾಲಿಗೆ ಎಳೆಯಬೇಕು. ಆಗ ಶಬ್ದ ತುಂಡಾಗಿ, ಅನುಮಾನಕ್ಕೆ ಎಡೆಯಿಲ್ಲದೆ ಬರುತ್ತದೆ. ಉಸಿರು ಮೊದಲು ಸೋರಿ ಆಮೇಲೆ ಶಬ್ದ ಏರಿದರೆ ಆಟಗಾರರು ಅರ್ಧ ಸೆಕೆಂಡು ತಡವಾಗಿ ನಿಲ್ಲುತ್ತಾರೆ. ಗೋಲ್‌ಕೀಪರ್ ಮುಂದೆ ಆಗುವ ಗುದ್ದಾಟಗಳೆಲ್ಲ ಹುಟ್ಟುವುದು ಆ ಅರ್ಧ ಸೆಕೆಂಡಿನಲ್ಲೇ.

ಬಾಯಿ ಹಿಡಿಕೆಗೆ ಮೆತ್ತನೆಯ ಹೊದಿಕೆ ಇರುವ ಮಾದರಿಯನ್ನೇ ಆರಿಸಿ. ಡಬ್ಬಿಯ ಮೇಲೆ ಸಿಎಂಜಿ ಎಂದಿರುತ್ತದೆ. ಕಚ್ಚಿ ಹಿಡಿಯಲು ಹಿತ. ಪೂರ್ತಿ ಲೋಹದ ವಿಸಿಲ್ ಮಾತ್ರ ಬೇಡ. ಲೇಹ್‌ನ ಬೆಳಗಿನ ಚಳಿಯಲ್ಲಿ ಲೋಹ ತುಟಿಗೆ ಅಂಟಿಕೊಂಡು ಚರ್ಮ ಕಿತ್ತುಕೊಂಡು ಬರುತ್ತದೆ.

ಹಿಡಿಕೆಯ ವಿಷಯದಲ್ಲಿ ಕರಾವಳಿಗೆ ಒಂದು ಎಚ್ಚರಿಕೆ. ಅದರ ಮೇಲಿನ ಹೊಳಪಿನ ಲೇಪನ ಬೆವರಿಗೆ ಬೇಗ ಸವೆಯುತ್ತದೆ, ಸವೆದ ಕಡೆ ತುಕ್ಕು ಕಾಣಿಸುತ್ತದೆ. ಅಭ್ಯಾಸ ಮುಗಿದ ಕೂಡಲೇ ಸಿಹಿನೀರಿನಲ್ಲಿ ತೊಳೆದು ಒರೆಸಿಡಿ. ಹಿಡಿಕೆಯನ್ನು ನಿಮ್ಮ ತೋರುಬೆರಳು, ನಡುಬೆರಳಿಗೆ ಸರಿಯಾಗಿ ಬಗ್ಗಿಸಿಕೊಳ್ಳಿ. ಬಿಗಿ ಹೆಚ್ಚಾದರೆ ಬಿದ್ದಾಗ ಬೆರಳು ಕೊಯ್ಯುತ್ತದೆ, ಸಡಿಲವಾದರೆ ಓಟದ ನಡುವೆ ಹಾರಿಹೋಗುತ್ತದೆ.

ನಕಲಿಗಳು ಊರು ತುಂಬ ಇವೆ. ಹಂಪನಕಟ್ಟೆಯ ಆಸುಪಾಸಿನ ಅಂಗಡಿಗಳಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ತೀರಾ ಅಗ್ಗಕ್ಕೆ ಸಿಕ್ಕರೆ ಅನುಮಾನಿಸಿ. ನೋಡುವ ಕ್ರಮ ಹೀಗೆ: ಎರಡು ಪ್ಲಾಸ್ಟಿಕ್ ಭಾಗಗಳ ಬೆಸುಗೆ ಗೆರೆಯ ಮೇಲೆ ಉಗುರು ಎಳೆಯಿರಿ. ಅಸಲಿಯಲ್ಲಿ ಉಗುರು ಜಾರುತ್ತದೆ, ನಕಲಿಯಲ್ಲಿ ತಡೆಯುತ್ತದೆ. ಆಮೇಲೆ ಪೂರ್ತಿ ಬಲದಿಂದ ಊದಿ. ನಕಲಿಯಲ್ಲಿ ಗೂಡುಗಳ ಅಳತೆ ತಪ್ಪಿರುವುದರಿಂದ ಕಂಪನ ಇರದೆ ಒಂದೇ ಚಪ್ಪಟೆ ಸ್ವರ ಬರುತ್ತದೆ. ಮಂಗಳಾ ಸ್ಟೇಡಿಯಂನಂಥ ಬಯಲಿನಲ್ಲಿ ಈ ವ್ಯತ್ಯಾಸ ಅಷ್ಟು ಗೊತ್ತಾಗದು. ಮೇಲೆ ಮಾಡು, ಸುತ್ತ ಬೋರ್ಡ್, ನಡುವೆ ಜನರ ಕೂಗು ಇರುವ ರಿಂಕ್‌ನಲ್ಲಿ ಚಪ್ಪಟೆ ಸ್ವರ ಮುಳುಗಿಹೋಗುತ್ತದೆ.

ಚಕ್ರದ ಸ್ಕೇಟ್

ಕರಾವಳಿಯವರ ಕಲಿಕೆಯ ತೊಂಬತ್ತು ಪಾಲು ನಡೆಯುವುದು ಇದರ ಮೇಲೆಯೇ. ಈ ವಿಭಾಗವನ್ನು ಅವಸರದಲ್ಲಿ ದಾಟಬೇಡಿ.

ಮಕ್ಕಳು ಹಾಕುವ ನಾಲ್ಕು ಮೂಲೆ ಚಕ್ರದ ಕ್ವಾಡ್ ಆಗದು. ಚಕ್ರಗಳು ಒಂದೇ ಸಾಲಿನಲ್ಲಿರುವ ಓಟದ ಇನ್‌ಲೈನ್ ಕೂಡ ಆಗದು. ಅದರ ಬೂಟು ಕಣಕಾಲಿನ ಕೆಳಗೇ ನಿಲ್ಲುತ್ತದೆ, ಚಕ್ರ ದೊಡ್ಡದು, ಚಕ್ರ ಕೂರಿಸುವ ಚೌಕಟ್ಟಾದ ಚಾಸಿ ಉದ್ದ. ನೇರ ಓಟಕ್ಕೆ ಅದು ಸರಿ, ಒಂದು ಹೆಜ್ಜೆಯಲ್ಲಿ ಹಿಂದೆ ತಿರುಗುವ ಕೆಲಸಕ್ಕೆ ಸಲ್ಲದು. ಬೇಕಾದ್ದು ಇನ್‌ಲೈನ್ ಹಾಕಿ ಸ್ಕೇಟ್. ಬೂಟು ಐಸ್ ಸ್ಕೇಟಿನದೇ ರೀತಿ, ಕಣಕಾಲು ಮುಚ್ಚುವಷ್ಟು ಎತ್ತರ, ಲೇಸು ಕಟ್ಟುವಂಥದ್ದು, ಹಿಮ್ಮಡಿಯಲ್ಲಿ ಬ್ರೇಕ್ ಇಲ್ಲದ್ದು. ಬ್ರೇಕಿನ ರಬ್ಬರ್ ಇದ್ದರೆ ಹಿಂದೆ ಓಡುವಾಗ ಅದೇ ತೊಡರುಗಾಲಾಗುತ್ತದೆ.

ಅಳತೆ ತಪ್ಪುವುದು ಇಲ್ಲೇ. ನಿತ್ಯ ಹಾಕುವ ಶೂ ನಂಬರಿಗಿಂತ ಒಂದರಿಂದ ಒಂದೂವರೆ ಕಡಿಮೆ ತೆಗೆದುಕೊಳ್ಳಬೇಕು. ಲೇಸು ಕಟ್ಟಿ ನೆಟ್ಟಗೆ ನಿಂತಾಗ ಬೆರಳ ತುದಿ ಮುಂಭಾಗಕ್ಕೆ ಹಗುರವಾಗಿ ಸೋಕಬೇಕು. ಮೊಣಕಾಲು ಮಡಚಿದಾಗ ಬೆರಳು ಹಿಂದೆ ಸರಿದು ಹಿಮ್ಮಡಿ ಗೂಡಿನಲ್ಲಿ ಕೂರಬೇಕು. ಹಿಮ್ಮಡಿ ಮೇಲೇಳುತ್ತಿದ್ದರೆ ಆ ಸ್ಕೇಟು ಎಷ್ಟೇ ದುಬಾರಿಯಾದರೂ ಬೇಡ. ಬೆಳೆಯುವ ಕಾಲು ಎಂದು ಎರಡು ನಂಬರ್ ದೊಡ್ಡದು ಕೊಡಿಸುವ ಪೋಷಕರಿಗೆ ಇದನ್ನು ಒತ್ತಿ ಹೇಳುತ್ತೇವೆ. ದೊಡ್ಡ ಬೂಟಿನಲ್ಲಿ ಕಣಕಾಲು ಒಳಕ್ಕೆ ವಾಲುತ್ತದೆ, ವಾಲಿದ ಕಣಕಾಲಿನಲ್ಲಿ ಕಲಿತ ಕ್ರಾಸೋವರನ್ನು (ತಿರುವಿನಲ್ಲಿ ಒಂದು ಕಾಲಿನ ಮೇಲಿಂದ ಇನ್ನೊಂದನ್ನು ದಾಟಿಸಿ ಓಡುವುದನ್ನು) ಆಮೇಲೆ ತಿದ್ದುವುದು ಬಲು ಕಷ್ಟ.

ಚಕ್ರದ ಗಡಸುತನವನ್ನು ಅದರ ಮೇಲೆಯೇ ಅಂಕಿ ಮತ್ತು ಎ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. 74ಎ, 76ಎ ಎಂದಿದ್ದರೆ ಮೆದು, ಒಳಾಂಗಣದ ನುಣುಪು ನೆಲಕ್ಕೆ. ನಮ್ಮ ಕಡೆಯ ರಿಂಕ್‌ಗಳು ಹೆಚ್ಚಾಗಿ ಸಿಮೆಂಟಿನವು. ಅಲ್ಲಿ 74ಎ ಹಾಕಿದರೆ ಕೆಲವೇ ವಾರಗಳಲ್ಲಿ ಉದುರಿ ಚೂರಾಗುತ್ತದೆ. 82ಎಯಿಂದ 85ಎ ನಡುವಿನದ್ದು ಸರಿ. ಹಾಗೆಂದು ಗಡಸು ಚಕ್ರವನ್ನು ಷಟಲ್ ಕೋರ್ಟ್‌ನಂಥ ನುಣುಪು ನೆಲಕ್ಕೆ ಒಯ್ದರೆ ಜಾರಿ ಬೀಳುತ್ತೀರಿ. ಎರಡೂ ಕಡೆ ಅಭ್ಯಾಸ ಮಾಡುವವರು ಎರಡು ಸೆಟ್ ಇಟ್ಟುಕೊಳ್ಳಲೇಬೇಕು.

ಚಾಸಿಯಲ್ಲಿ ಎರಡು ಬಗೆ. ನಾಲ್ಕೂ ಚಕ್ರ ಒಂದೇ ಅಳತೆಯದ್ದು ಒಂದು. ಮುಂದಿನ ಎರಡು 76 ಮಿ.ಮೀ., ಹಿಂದಿನ ಎರಡು 80 ಮಿ.ಮೀ. ಇರುವ ಹೈ-ಲೋ ಇನ್ನೊಂದು. ರೆಫರಿಗೆ ಹೈ-ಲೋ ಒಳ್ಳೆಯದು. ದೇಹ ತುಸು ಮುಂದಕ್ಕೆ ಬಾಗಿರುತ್ತದೆ, ತಿರುವು ಚುರುಕಾಗುತ್ತದೆ. ಸ್ವೀಡನ್ನಿನ ಮಾರ್ಸ್‌ಬ್ಲೇಡ್ ಎಂಬ ಚಾಸಿಯೂ ಇದೆ. ಅದು ಪಾದದ ಕೆಳಗೆ ಮುಂದೆ ಹಿಂದೆ ತೂಗುತ್ತದೆ, ಹಾಗಾಗಿ ಬ್ಲೇಡಿನ ಬಾಗಿನ ಅನುಭವ ಚಕ್ರದಲ್ಲೇ ಸಿಗುತ್ತದೆ. ಐಸ್‌ಗೆ ವರ್ಷಕ್ಕೊಮ್ಮೆ ಮಾತ್ರ ಹೋಗಬಲ್ಲವರಿಗೆ ಇದು ನಿಜವಾಗಿಯೂ ಬೆಲೆಯುಳ್ಳ ಖರ್ಚು. ಹೊಸಬರಿಗೆ ಬೇಡ. ನೆಟ್ಟಗಿನ ಚಾಸಿಯಲ್ಲೇ ಸಮತೋಲ ಬಾರದವರಿಗೆ ತೂಗುವುದು ಗೊಂದಲ ಹುಟ್ಟಿಸುತ್ತದೆ.

ಇನ್ನು ಬೇರಿಂಗ್. ಎಂಟು ಚಕ್ರಕ್ಕೆ ಹದಿನಾರು. ಅಳತೆ ಸಾಮಾನ್ಯವಾಗಿ 608: ಒಳರಂಧ್ರ 8, ಹೊರಸುತ್ತು 22, ದಪ್ಪ 7 ಮಿ.ಮೀ. ಇದು ಸ್ಕೇಟಿಗೆಂದೇ ಹುಟ್ಟಿದ ವಸ್ತುವಲ್ಲ, ಸಣ್ಣ ಮೋಟರ್‌ಗಳಿಗೂ ಹಾಕುವಂಥದ್ದು. ಆದ್ದರಿಂದ ಬೇರಿಂಗ್ ಮಾರುವ ಯಾವುದೇ ಅಂಗಡಿಯಲ್ಲಿ ಕೇಳಬಹುದು. ಎರಡೂ ಬದಿ ರಬ್ಬರ್ ಮುಚ್ಚಳ ಇರುವ 608-2ಆರ್‌ಎಸ್ ತೆಗೆದುಕೊಳ್ಳಿ. ಲೋಹದ ಮುಚ್ಚಳದ್ದು ಕೊಂಚ ಹಗುರ ಓಡುತ್ತದೆ, ಆದರೆ ಉಪ್ಪುಗಾಳಿ ಮತ್ತು ಮಳೆಗಾಲದ ತೇವ ಅದರ ಸಂದಿಯಲ್ಲಿ ನುಗ್ಗುತ್ತದೆ. ಕೆಲವು ಹಳೆಯ ಹಾಕಿ ಸ್ಕೇಟ್‌ಗಳಲ್ಲಿ 688 ಎಂಬ ಸಣ್ಣ ಬೇರಿಂಗ್ ಇರುತ್ತದೆ; ಬಿಚ್ಚಿ ಅಳೆದ ಮೇಲೆಯೇ ಅಂಗಡಿಗೆ ಹೋಗಿ.

ಎಣ್ಣೆಯ ಬಗ್ಗೆ ಇಲ್ಲಿ ದೊಡ್ಡ ತಪ್ಪೊಂದು ಚಾಲ್ತಿಯಲ್ಲಿದೆ: ಮನೆಯಲ್ಲಿ ಇದ್ದೇ ಇರುವ ತೆಂಗಿನೆಣ್ಣೆ ಬಿಡುವುದು. ಮೊದಲ ದಿನ ಚಕ್ರ ಚೆನ್ನಾಗಿ ತಿರುಗುತ್ತದೆ. ಕೆಲವೇ ದಿನಗಳಲ್ಲಿ ಅದು ಧೂಳು ಹಿಡಿದು ಅಂಟಾಗುತ್ತದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಚಳಿ ಊರಿನ ತರಬೇತಿ ಶಿಬಿರಕ್ಕೆ ಒಯ್ದರೆ ಚಕ್ರವೇ ತಿರುಗದು. ಡಬ್ಲ್ಯೂಡಿ-40 ಹೊಡೆದು ಬಿಡುವುದೂ ಸರಿಯಲ್ಲ; ಅದು ತುಕ್ಕು ಬಿಡಿಸಲು, ಕೊಳೆ ತೆಗೆಯಲು ಒಳ್ಳೆಯದು, ಒಳಗಿದ್ದ ಎಣ್ಣೆಯನ್ನೂ ತೊಳೆದುಬಿಡುತ್ತದೆ. ಸರಿಯಾದ ಕ್ರಮ: ರಬ್ಬರ್ ಮುಚ್ಚಳವನ್ನು ಸೂಜಿ ತುದಿಯಿಂದ ಎತ್ತಿ, ಬೇರಿಂಗನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅಲ್ಲಾಡಿಸಿ, ಬಟ್ಟೆಯ ಮೇಲೆ ಪೂರ್ತಿ ಒಣಗಿಸಿ, ಹೊಲಿಗೆ ಮಿಷನ್ ಎಣ್ಣೆ ಎರಡು ಹನಿ ಬಿಟ್ಟು ಮುಚ್ಚಿ. ಎರಡೇ ಹನಿ. ಸುರಿದರೆ ಧೂಳಿಗೆ ಆಹ್ವಾನ.

ಚಕ್ರ ಒಳಬದಿಯಲ್ಲಿ ಬೇಗ ಸವೆಯುತ್ತದೆ. ಒಂದನೆಯದನ್ನು ಮೂರನೆಯ ಜಾಗಕ್ಕೆ, ಎರಡನೆಯದನ್ನು ನಾಲ್ಕನೆಯದಕ್ಕೆ ಬದಲಿಸಿ, ಒಳಬದಿ ಹೊರಗೆ ಬರುವಂತೆ ತಿರುಗಿಸಿ ಹಾಕಿ. ಹೈ-ಲೋ ಚಾಸಿಯಲ್ಲಿ ಅಳತೆ ಬೇರೆ ಇರುವುದರಿಂದ ಈ ಅದಲುಬದಲು ನಡೆಯದು. ಮುಂದಿನವು ಮುಂದೆ, ಹಿಂದಿನವು ಹಿಂದೆಯೇ ಇರಬೇಕು, ಎಡ ಬಲ ಕಾಲಿನ ನಡುವೆ ಮಾತ್ರ ಬದಲಿಸಿ.

ಚಕ್ರದ ಮೇಲೆ ಏನೆಲ್ಲ ಕಲಿಯಬಹುದು? ಮುಂದಿನಿಂದ ಹಿಂದಕ್ಕೆ ತಿರುಗುವುದು, ಎರಡೂ ದಿಕ್ಕಿನ ಕ್ರಾಸೋವರ್, ಕಣ್ಣು ಆಟದ ಮೇಲಿಟ್ಟೇ ಬೋರ್ಡ್‌ಗೆ ಬೆನ್ನು ಕೊಟ್ಟು ಹಿಂದೆ ಸರಿಯುವುದು, ಎಲ್ಲ ಕೈಸನ್ನೆಗಳು. ತಪ್ಪು ಕಂಡಾಗ ವಿಸಿಲ್ ಇಲ್ಲದ ಕೈಯನ್ನು ನೆಟ್ಟಗೆ ಮೇಲೆತ್ತಿ, ತಪ್ಪು ಮಾಡಿದ ತಂಡ ಪಕ್ ವಶಪಡಿಸಿಕೊಳ್ಳುವವರೆಗೆ ಊದದೆ ಕಾಯುವ ತಡೆಹಿಡಿದ ಪೆನಾಲ್ಟಿಯನ್ನು ಮಂಗಳೂರಿನ ಉರ್ವದ ಸಿಮೆಂಟ್ ಮೇಲೆಯೂ ಅಷ್ಟೇ ಚೆನ್ನಾಗಿ ಅಭ್ಯಾಸ ಮಾಡಬಹುದು. ಕೈ ಎತ್ತಿಕೊಂಡೇ ಪೂರ್ಣ ವೇಗದಲ್ಲಿ ಓಡುವುದು ಕಾಣುವಷ್ಟು ಸುಲಭವಲ್ಲ, ತೂಕ ಒಂದು ಬದಿಗೆ ಎಳೆಯುತ್ತದೆ.

ಚಕ್ರದ ಮೇಲೆ ಕಲಿಯಲಾಗದ್ದು ನಿಲ್ಲುವುದು. ಐಸ್‌ನಲ್ಲಿ ಎರಡೂ ಬ್ಲೇಡ್ ಅಡ್ಡ ತಿರುಗಿಸಿ ಮಂಜು ಕೆರೆದು ನಿಲ್ಲುತ್ತಾರೆ. ಅದೇ ಚಲನೆಯನ್ನು ಸಿಮೆಂಟಿನಲ್ಲಿ ಮಾಡಿದರೆ ಚಕ್ರ ಕಚ್ಚಿಕೊಂಡು ಮುಗ್ಗರಿಸಿ ಬೀಳುತ್ತೀರಿ. ಒಂದು ಕಾಲನ್ನು ಹಿಂದೆ ಅಡ್ಡ ಎಳೆದು ನಿಲ್ಲುವ ಟಿ-ಸ್ಟಾಪ್ ಚಕ್ರಕ್ಕೆ ಸರಿ, ಐಸ್‌ನಲ್ಲಿ ಅದರ ಚಾಳಿ ಹೊತ್ತುಕೊಂಡು ಹೋದರೆ ನಿಲ್ಲುವುದು ತಡವಾಗುತ್ತದೆ. ಹಾಗಾಗಿ ಐಸ್ ಮೇಲೆ ಸಿಗುವ ಮೊದಲ ಗಂಟೆಗಳನ್ನು ಬೇರೆ ಯಾವುದಕ್ಕೂ ಖರ್ಚು ಮಾಡಬೇಡಿ. ಎಡಕ್ಕೆ ನಿಲ್ಲು, ಬಲಕ್ಕೆ ನಿಲ್ಲು, ಹಿಂದೆ ಓಡುತ್ತಾ ನಿಲ್ಲು, ಅಷ್ಟೇ.

ಬ್ಲೇಡ್

ಐಸ್ ಸ್ಕೇಟ್‌ನ ಬೂಟಿಗೆ ಮೇಲೆ ಹೇಳಿದ ಅಳತೆಯೇ. ರೆಫರಿಗೆಂದು ಪ್ರತ್ಯೇಕ ಬೂಟು ಬೇಕಿಲ್ಲ, ಆಟಗಾರರದ್ದೇ ಸಾಕು. ಮುಖ್ಯವಾದ್ದು ಬ್ಲೇಡಿನ ಸಾಣೆ.

ಬ್ಲೇಡಿನ ತಳ ಚಪ್ಪಟೆ ಅಲ್ಲ. ನಡುವೆ ಉದ್ದಕ್ಕೂ ಒಂದು ಕಾಲುವೆ ಇರುತ್ತದೆ, ಅದರ ಎರಡು ದಂಡೆಗಳೇ ಐಸನ್ನು ಕಚ್ಚುವ ಎಡ್ಜ್‌ಗಳು. ಆ ಕಾಲುವೆಯ ಆಳವನ್ನು ಹಾಲೋ ಎನ್ನುತ್ತಾರೆ, ಅಳತೆ ಇಂಚಿನ ರೇಡಿಯಸ್‌ನಲ್ಲಿ. ಅಂಕಿ ಸಣ್ಣದಾದಷ್ಟೂ ಕಾಲುವೆ ಆಳ, ಕಡಿತ ಹೆಚ್ಚು. ಆಟಗಾರರು ಸಾಮಾನ್ಯವಾಗಿ ಅರ್ಧ ಇಂಚು ಇಡುತ್ತಾರೆ. ರೆಫರಿಗೆ 5/8 ಇಲ್ಲವೇ 3/4 ಇಂಚು ಒಳ್ಳೆಯದು. ಆಟಗಾರ ಒಂದು ನಿಮಿಷದೊಳಗೆ ಓಡಿ ಬೆಂಚಿಗೆ ಹೋಗಿ ಕೂರುತ್ತಾನೆ, ರೆಫರಿಗೆ ಬೆಂಚು ಇಲ್ಲ. 20 ನಿಮಿಷಗಳ ಮೂರು ಪಾಳಿ ಪೂರ್ತಿ ಐಸ್ ಮೇಲೆಯೇ. ಕಾಲುವೆ ಆಳ ಕಡಿಮೆಯಾದಷ್ಟೂ ತೇಲಿಕೆ ಹೆಚ್ಚು, ತೊಡೆಗೆ ದಣಿವು ಕಡಿಮೆ.

ಐಸ್ ಬದಲಾದರೆ ಈ ಲೆಕ್ಕವೂ ಬದಲಾಗುತ್ತದೆ. ಮಾಡಿನಡಿಯ ಕೃತಕ ರಿಂಕ್‌ನ ಐಸ್ ಮೆದು. ಅಲ್ಲಿ 3/4 ಸಾಕು. ಲೇಹ್‌ನ ಬಯಲು ಐಸ್ ರಾತ್ರಿಯ ಚಳಿಗೆ ಕಲ್ಲಾಗಿರುತ್ತದೆ, ಅಲ್ಲಿ 3/4 ಜಾರುತ್ತದೆ. 5/8 ಅಥವಾ ಅರ್ಧ ಇಂಚಿಗೆ ಬನ್ನಿ. ದೇಹದ ತೂಕ ಹೆಚ್ಚಿದ್ದವರಿಗೆ ಕಾಲುವೆ ಆಳ ಕಡಿಮೆ ಇದ್ದರೂ ಕಡಿತ ಸಿಗುತ್ತದೆ. ಬಯಲಿನ ಐಸ್ ಮೇಲೆ ಗಾಳಿ ತಂದು ಹಾಕುವ ಮರಳು, ಧೂಳು ಎಡ್ಜನ್ನು ಬೇಗ ಮೊಂಡು ಮಾಡುವುದರಿಂದ ಸಣ್ಣ ಕೈಸಾಣೆ ಕಲ್ಲೊಂದು ಚೀಲದಲ್ಲಿರಲಿ. ಅದರಿಂದ ಬದಿಯ ಮುಳ್ಳನ್ನು ಮಾತ್ರ ಒರೆಸಬೇಕು, ತಳವನ್ನು ಮುಟ್ಟಬಾರದು.

ಹೊಸ ಬ್ಲೇಡ್ ಪೆಟ್ಟಿಗೆಯಿಂದ ಆಟಕ್ಕೆ ಸಿದ್ಧವಾಗಿ ಬರುವುದಿಲ್ಲ. ಇದನ್ನು ತಿಳಿಯದೆ ರಿಂಕ್‌ಗೆ ಇಳಿದವರು ತಮಗೆ ಸ್ಕೇಟಿಂಗೇ ಬಾರದು ಎಂದುಕೊಂಡು ಕುಗ್ಗುತ್ತಾರೆ. ಕೊಳ್ಳುವ ಅಂಗಡಿಯಲ್ಲೇ ಬೇಕಾದ ಹಾಲೋ ಹೇಳಿ ಮೊದಲ ಸಾಣೆ ಹಿಡಿಸಿ ತರಿಸಿ. ಊರಿನ ಚೂರಿ, ಕತ್ತಿ ಸಾಣೆಯವರ ಬಳಿಗಾಗಲಿ ವೆಲ್ಡಿಂಗ್ ಶಾಪಿನ ಗ್ರೈಂಡರ್‌ಗಾಗಲಿ ಖಂಡಿತ ಕೊಡಬೇಡಿ. ಅಲ್ಲಿ ಕಾಲುವೆ ಹೋಗಿ ತಳ ಚಪ್ಪಟೆಯಾಗುತ್ತದೆ, ಬಿಸಿಗೆ ಉಕ್ಕಿನ ಹದ ಇಳಿಯುತ್ತದೆ, ಆ ಬ್ಲೇಡ್ ಮತ್ತೆ ಎಡ್ಜ್ ಹಿಡಿಯುವುದಿಲ್ಲ. ಸಾಣೆ ಸರಿಯಿದೆಯೇ ಎಂದು ನೋಡಲು ಬ್ಲೇಡನ್ನು ಮೇಲ್ಮುಖ ಮಾಡಿ ಎರಡು ದಂಡೆಗಳ ಮೇಲೆ ನಾಣ್ಯವೊಂದನ್ನು ಅಡ್ಡ ಇಡಿ. ನಾಣ್ಯ ಒಂದು ಬದಿಗೆ ವಾಲಿದ್ದರೆ ಒಂದು ಎಡ್ಜ್ ಎತ್ತರ ಇದೆ ಎಂದರ್ಥ; ಒಂದು ದಿಕ್ಕಿಗೆ ಮಾತ್ರ ನಿಲ್ಲಲು ಬಂದು ಇನ್ನೊಂದು ದಿಕ್ಕಿಗೆ ಜಾರುವುದಕ್ಕೆ ಇದೇ ಕಾರಣ.

ಬ್ಲೇಡ್ ಸ್ಟೇನ್‌ಲೆಸ್ ಆದರೂ ನಮ್ಮ ಗಾಳಿಗೆ ಅದಕ್ಕೂ ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ ಗಾರ್ಡ್ ನೆಲದ ಮೇಲೆ ನಡೆಯಲು ಮಾತ್ರ. ಅದನ್ನು ಹಾಕಿಯೇ ಇಟ್ಟರೆ ಒಳಗೆ ತೇವ ನಿಂತು ಎಡ್ಜ್ ತಿನ್ನುತ್ತದೆ. ಒರೆಸಿ, ಒಣಗಿಸಿ, ತೆಳುವಾಗಿ ಮಿಷನ್ ಎಣ್ಣೆ ಸವರಿ, ಟವೆಲ್ ಬಟ್ಟೆಯ ಮೆತ್ತನೆ ಚೀಲ ತೊಡಿಸಿಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಿ. ಬೂಟಿನೊಳಗೆ ಹಳೆಯ ದಿನಪತ್ರಿಕೆ ತುರುಕಿದರೆ ಬೂಷ್ಟು ಹಿಡಿಯುವುದಿಲ್ಲ, ಪತ್ರಿಕೆಯನ್ನು ಮಾತ್ರ ಆಗಾಗ ಬದಲಿಸಬೇಕು.

ತಲೆ

ರೆಫರಿಗೆ ಕಪ್ಪು ಹೆಲ್ಮೆಟ್, ಅರ್ಧ ಮುಖ ಮುಚ್ಚುವ ಪಾರದರ್ಶಕ ವೈಸರ್. ಸೈಕಲ್ ಹೆಲ್ಮೆಟ್ ಇದರ ಬದಲಿಗೆ ನಡೆಯದು. ಅದರ ನೊರೆ ಒಂದೇ ಪೆಟ್ಟಿಗೆ ಒಡೆದು ತನ್ನ ಕೆಲಸ ಮುಗಿಸುತ್ತದೆ. ಹಾಕಿ ಹೆಲ್ಮೆಟ್ ಪದೇ ಪದೇ ಬೀಳುವ ಪೆಟ್ಟಿಗೆಂದು ಮಾಡಿದ್ದು. ಕ್ರಿಕೆಟ್ ಹೆಲ್ಮೆಟ್ ಹಿಂತಲೆಯನ್ನು ಹಾಕಿಗೆ ಬೇಕಾದಷ್ಟು ಕಾಯುವುದಿಲ್ಲ, ಐಸ್ ಮೇಲೆ ಬೀಳುವುದು ಹೆಚ್ಚಾಗಿ ಬೆನ್ನ ಮೇಲೆಯೇ. ಎಚ್‌ಇಸಿಸಿ, ಸಿಎಸ್‌ಎ ಅಥವಾ ಸಿಇ ಎಂಬ ಸುರಕ್ಷತಾ ಗುರುತು ನೋಡಿ ಕೊಳ್ಳಿ. ಎಚ್‌ಇಸಿಸಿ ಪ್ರಮಾಣ ತಯಾರಿಯ ದಿನದಿಂದ ಆರೂವರೆ ವರ್ಷ ಮಾತ್ರ. ಹಳೆಯ ದಾಸ್ತಾನು ರಿಯಾಯಿತಿಯಲ್ಲಿ ಸಿಗುವಾಗ ಆ ದಿನಾಂಕ ನೋಡಲು ಮರೆಯಬೇಡಿ.

ವೈಸರ್ ಮೂಗಿನ ತುದಿಯವರೆಗೆ ಇಳಿದಿರಬೇಕು. ಹಣೆಯ ಮೇಲಕ್ಕೆ ಎತ್ತಿಕೊಂಡು ಆಡಿಸುವುದು ಶೋಕಿಯೂ ಅಲ್ಲ, ಅನುಭವದ ಲಕ್ಷಣವೂ ಅಲ್ಲ. 156ರಿಂದ 170 ಗ್ರಾಂ ತೂಗುವ ಗಟ್ಟಿ ರಬ್ಬರ್ ಪಕ್ ಕಣ್ಣಿಗೆ ಬಂದರೆ ಕಣ್ಣೇ ಹೋಗುತ್ತದೆ. ನಮ್ಮ ಸೆಕೆಗೆ ವೈಸರ್ ಮಂಜಾಗುವುದು ನಿತ್ಯದ ಗೋಳು. ಪಾತ್ರೆ ತೊಳೆಯುವ ದ್ರವದ ಒಂದು ಹನಿಯನ್ನು ಒಳಬದಿಗೆ ತೆಳುವಾಗಿ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಒಂದು ಪಾಳಿಯಷ್ಟು ತಡೆಯುತ್ತದೆ. ಅಮೋನಿಯಾ ಇರುವ ಗಾಜು ಒರೆಸುವ ದ್ರವ ಪಾಲಿಕಾರ್ಬೊನೇಟ್‌ಗೆ ಆಗದು, ಪದರ ಹಾಳಾಗಿ ಬಿರುಕು ಬರುತ್ತದೆ.

ಬಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಪ್ಪು ಬಿಳಿ ಉದ್ದ ಪಟ್ಟೆಯ ಜೆರ್ಸಿಯನ್ನು ಬೆವರು ಹೀರಿ ಬೇಗ ಒಣಗುವ ಪಾಲಿಯೆಸ್ಟರ್ ಜಾಳಿಗೆ ಬಟ್ಟೆಯಲ್ಲಿ ಯಾವ ಕ್ರೀಡಾ ಉಡುಪಿನ ಟೈಲರಾದರೂ ಹೊಲಿಯಬಲ್ಲರು. ಹತ್ತಿ ಬೇಡ, ನೆನೆದು ಭಾರವಾಗುತ್ತದೆ, ಚಳಿಯಲ್ಲಿ ಮೈಗೆ ಅಂಟಿ ನಡುಕ ಹುಟ್ಟಿಸುತ್ತದೆ. ಮೊಣಕೈ ಪ್ಯಾಡ್ ಒಳಗೆ ಹಿಡಿಯುವಷ್ಟು ತೋಳು ಅಗಲ ಇರಲಿ. ರೆಫರಿಯನ್ನು ಗೆರೆ ಕಾಯುವ ಸಹಾಯಕರಾದ ಲೈನ್ಸ್‌ಮನ್‌ನಿಂದ ಬೇರ್ಪಡಿಸುವುದು ಎರಡೂ ತೋಳಿನ ಪಟ್ಟಿ, ಉತ್ತರ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಅದು ಕಿತ್ತಳೆ ಬಣ್ಣದ್ದು. ಆ ಪಟ್ಟಿಯನ್ನು ಹೊಲಿಸದೆ ವೆಲ್ಕ್ರೋ ಹಾಕಿಸಿ, ಹೊಸಬರಿಗೆ ಒಂದು ದಿನ ಇದು, ಇನ್ನೊಂದು ದಿನ ಅದು ಎಂದು ಕೆಲಸ ಬೀಳುತ್ತದೆ. ಪ್ಯಾಂಟು ಮಾತ್ರ ತಯಾರಾದದ್ದೇ ಬೇಕು. ಸೊಂಟ, ಬೆನ್ನೆಲುಬಿನ ಬುಡಕ್ಕೆ ಪ್ಯಾಡ್ ಇರುವ ರೆಫರಿ ಪ್ಯಾಂಟನ್ನು ಟೈಲರ್ ಹೊಲಿಯಲಾರರು. ಒಳಗೆ ತೆಳುವಾದ ಮೊಣಕಾಲು ಗಾರ್ಡ್ ಮತ್ತು ತೊಡೆಸಂದಿಯನ್ನು ಕಾಯುವ ಕಪ್. ಜೇಬಿನಲ್ಲಿ ಎರಡು ಮೀಟರಿನ ಉಕ್ಕಿನ ಟೇಪು, ಸ್ಟಿಕ್ ಅಳತೆಗೆ. ಅದು ಹಾರ್ಡ್‌ವೇರ್ ಅಂಗಡಿಯದ್ದೇ ಸಾಕು.

ಕಾಸು ಕೊಡದೆ ಸಿಗುವುದು

ಇಡೀ ಕಿಟ್‌ನಲ್ಲಿ ನಾವು ಪೂರ್ಣ ಅಂಕ ಕೊಡುವುದು ಒಂದೇ ವಸ್ತುವಿಗೆ, ಅದು ಪುಕ್ಕಟೆ: ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟವಾದ ಐಐಎಚ್‌ಎಫ್ ತನ್ನ ಜಾಲತಾಣದಲ್ಲಿ ಇಟ್ಟಿರುವ ನಿಯಮ ಪುಸ್ತಕ. ಇಂಗ್ಲಿಷಿನಲ್ಲಿದೆ, ಉದ್ದವಿದೆ, ಆದರೆ ವಾಕ್ಯಗಳು ನೇರ. ಮೊದಲ ಪುಟದಿಂದ ಓದಲು ಕೂತರೆ ರಿಂಕ್‌ನ ಅಳತೆಯಲ್ಲೇ ನಿದ್ದೆ ಬರುತ್ತದೆ. ಕೈಸನ್ನೆಗಳ ಚಿತ್ರಗಳಿಂದ ಶುರು ಮಾಡಿ. ಒಂದು ಸನ್ನೆ, ಅದರ ನಿಯಮ, ಅದರ ಶಿಕ್ಷೆ: ಮೈನರ್ 2 ನಿಮಿಷ, ಮೇಜರ್ 5, ಮಿಸ್‌ಕಂಡಕ್ಟ್ 10. ಆಮೇಲೆ ಆಫ್‌ಸೈಡ್ (ಪಕ್‌ಗಿಂತ ಮೊದಲೇ ಎದುರಾಳಿಯ ವಲಯ ಹೊಕ್ಕುವುದು), ಐಸಿಂಗ್ (ತಮ್ಮ ಅರ್ಧದಿಂದ ಎದುರಾಳಿಯ ಗೋಲು ಗೆರೆಯಾಚೆಗೆ ಪಕ್ ಹೊಡೆದುಬಿಡುವುದು). ಇಬ್ಬರು ರೆಫರಿ, ಇಬ್ಬರು ಲೈನ್ಸ್‌ಮನ್ ಯಾವಾಗ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಅದೇ ಒಕ್ಕೂಟದ ಕಾರ್ಯವಿಧಾನದ ಕೈಪಿಡಿ ಇದೆ. ಪಂದ್ಯದ ವೀಡಿಯೊ ನೋಡುವಾಗ ಪಕ್ ಬಿಟ್ಟು ರೆಫರಿಯ ಕಾಲನ್ನೇ ನೋಡುತ್ತಾ ಅದನ್ನು ಓದಬೇಕು.

ಒಂದು ಎಚ್ಚರಿಕೆ. ಇನ್‌ಲೈನ್ ಹಾಕಿಯಲ್ಲಿ ಗೋಲ್‌ಕೀಪರ್ ಜತೆ ನಾಲ್ವರೇ ಆಡುತ್ತಾರೆ, ಐಸ್‌ನಲ್ಲಿ ಐವರು. ಆಫ್‌ಸೈಡ್, ಐಸಿಂಗ್ ಎರಡೂ ಐಸ್ ಹಾಕಿಯ ಜೀವಾಳ. ಚಕ್ರದ ಆಟದಲ್ಲಿ ಪಳಗಿದ ಕಣ್ಣಿಗೆ ಅವು ಕಾಣುವುದೇ ಇಲ್ಲ. ಚಕ್ರದ ಪಂದ್ಯ ನಡೆಸಿ ಅನುಭವ ಗಳಿಸಿ, ಆದರೆ ನಿಯಮವನ್ನು ಬೇರೆ ಬೇರೆ ಇಟ್ಟುಕೊಳ್ಳಿ.

ವೃತ್ತಿಯ ದಾರಿ ರಾಷ್ಟ್ರೀಯ ಸಂಸ್ಥೆಯ ಮೂಲಕವೇ ಹಾದುಹೋಗುತ್ತದೆ. ಭಾರತದಲ್ಲಿ ಅದು ಐಸ್ ಹಾಕಿ ಅಸೋಸಿಯೇಷನ್ ಆಫ್ ಇಂಡಿಯಾ; 1989ರಿಂದ ಐಐಎಚ್‌ಎಫ್ ಸದಸ್ಯ. ಅಂತರರಾಷ್ಟ್ರೀಯ ಪಂದ್ಯಕ್ಕೆ ರೆಫರಿಗಳನ್ನು ಹೆಸರಿಸುವುದು ದೇಶದ ಸಂಸ್ಥೆಯೇ, ವ್ಯಕ್ತಿ ನೇರವಾಗಿ ಅರ್ಜಿ ಹಾಕುವ ಕ್ರಮವಲ್ಲ. ಸಂಬಳದ ರೆಫರಿಗಿರಿ ಇರುವುದು ಉತ್ತರ ಅಮೆರಿಕ, ಯುರೋಪಿನ ಲೀಗ್‌ಗಳಲ್ಲಿ. ಎನ್‌ಎಚ್‌ಎಲ್ ಬಫಲೋ ನಗರದಲ್ಲಿ ಹೊಸ ರೆಫರಿಗಳನ್ನು ಗುರುತಿಸಲು ನಡೆಸುವ ಶಿಬಿರಕ್ಕೆ ಮಾಜಿ ಆಟಗಾರರು ಬರುತ್ತಾರೆ, ಅಲ್ಲಿ ಮೊದಲು ಅಳೆಯುವುದೂ ಸ್ಕೇಟಿಂಗನ್ನೇ. ಮನೆಯ ಹತ್ತಿರದ ಗುರಿ ಲಡಾಖ್. ಅಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಐಸ್ ಇರುತ್ತದೆ, ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳ ಐಸ್ ಹಾಕಿ 2024, 2025ರಲ್ಲಿ ಲೇಹ್‌ನಲ್ಲೇ ನಡೆಯಿತು. ಡೆಹ್ರಾಡೂನ್‌ನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡೆಗಳಿಗೆ ಕಟ್ಟಿದ ಮಾಡಿನ ರಿಂಕ್ ಇದೆ. 2025ರಲ್ಲಿ ಭಾರತದ ಮಹಿಳಾ ತಂಡ ಯುಎಇಯ ಅಲ್ ಐನ್‌ನಲ್ಲಿ ಏಷ್ಯಾ ಕಪ್ ಕಂಚು ಗೆದ್ದಿತು. ಪಂದ್ಯಗಳು ಹೆಚ್ಚಿದರೆ ಅವನ್ನು ನಡೆಸುವವರೂ ಬೇಕು.

ಬಜ್ಪೆ ವಿಮಾನ ನಿಲ್ದಾಣದಿಂದ ಹೊರಡುವಾಗ ತೂಕದ ಲೆಕ್ಕ ಹಾಕಿ. ದೇಶದೊಳಗಿನ ಬಹುತೇಕ ವಿಮಾನಗಳಲ್ಲಿ ಉಚಿತ ಚೆಕ್-ಇನ್ 15 ಕೆ.ಜಿ., ಈ ಕಿಟ್ ಮತ್ತು ಲೇಹ್‌ನ ಚಳಿ ಬಟ್ಟೆ ಸೇರಿದರೆ ಅದು ಸುಲಭವಾಗಿ ಮೀರುತ್ತದೆ. ಬ್ಲೇಡ್ ಇರುವ ಸ್ಕೇಟು ಚೆಕ್-ಇನ್ ಚೀಲಕ್ಕೇ ಹೋಗಲಿ, ಗಾರ್ಡ್ ಹಾಕಿ ಟವೆಲ್‌ನಲ್ಲಿ ಸುತ್ತಿ. ಹೆಲ್ಮೆಟನ್ನು ಕೈಚೀಲದಲ್ಲೇ ಒಯ್ಯಿರಿ, ವೈಸರ್ ಗೀರಾಗುವುದಿಲ್ಲ. ಚಕ್ರದ ಸ್ಕೇಟನ್ನು ಮನೆಯಲ್ಲೇ ಬಿಡಿ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಸಮುದ್ರಮಟ್ಟದಿಂದ ನೇರ ಹೋದವರು ಕನಿಷ್ಠ ಎರಡು ದಿನ ಸುಮ್ಮನೆ ವಿಶ್ರಾಂತಿ ತೆಗೆದುಕೊಂಡು, ನೀರು ಕುಡಿಯುತ್ತಾ ಇರಬೇಕು, ಆಮೇಲೆಯೇ ಐಸ್. ತಲೆನೋವು ಬಿಡದಿದ್ದರೆ ಆ ದಿನವೂ ಬೇಡ. ಇಲ್ಲಿ ಒಂದೇ ಉಸಿರಿಗೆ ಊದುತ್ತಿದ್ದ ವಿಸಿಲ್ ಅಲ್ಲಿ ಅರ್ಧ ಉಸಿರಿನಲ್ಲೇ ಊದಬೇಕಾಗುತ್ತದೆ, ಹಾಗಾಗಿ ಮೊದಲ ದಿನಗಳ ಅಭ್ಯಾಸದಲ್ಲಿ ಅದನ್ನೂ ಸೇರಿಸಿಕೊಳ್ಳಿ. ಎರಡನೆಯ ವಿಸಿಲ್ ಜಾಕೆಟ್‌ನ ಒಳಜೇಬಿನಲ್ಲಿ, ಮೈಶಾಖಕ್ಕೆ ಹತ್ತಿರ ಇರಲಿ. ಮೊದಲನೆಯದರಲ್ಲಿ ಉಸಿರಿನ ತೇವ ಹೆಪ್ಪುಗಟ್ಟಿ ಸ್ವರ ಕುಂದಿದ ಕೂಡಲೇ, ಪಂದ್ಯದ ವಿರಾಮಕ್ಕೆ ಕಾಯದೆ, ಪಕ್ ಬೀಳಿಸಿ ಆಟ ಮತ್ತೆ ಶುರು ಮಾಡುವ ಮುಂದಿನ ಫೇಸ್-ಆಫ್‌ಗೆ ಮೊದಲು ಬದಲಿಸಿ.